ಮೊದಲಕ್ಷರಗಳ ವಿಷಯವಾಗಿ ಕೆಲವು ಮಾತುಗಳು

ನಮ್ಮ ಪ್ರಿಯ ಪಾಠಶಾಲೆಯ ಸ್ಮರಣ ಸಂಚಿಕೆಯ ಸಂಪಾದಕ ಮಂಡಲಿಯವರು ಹಳೆಯ ವಿದ್ಯಾರ್ಥಿನಿಯರಿಗೆಲ್ಲ ಒಂದೊಂದು ಅಚ್ಚಾದ ಪತ್ರವನ್ನು ಕಳುಹಿಸಿ, ಅದನ್ನು ತುಂಬಿ ಹಿಂದಿರುಗಿಸಬೇಕೆಂದೂ, ಸಾಧ್ಯವಾದರೆ ಒಂದು ಲೇಖನವನ್ನೂ ಬರೆದುಕೊಡಬೇಕೆಂದೂ ಕೇಳಿಕೊಂಡಿರುವರು. ಪತ್ರವು ಚಿಕ್ಕದು. ಹೆಸರಿಗೆ ಒಂದು ಉದ್ದವಾದ ಗೆರೆ. ಅದರ ಮುಂದೆ ‘ಇನಿಷಿಯಲ್’ ಎಂದು ಬರೆದು ಎರಡು ಸಣ್ಣ ಚೌಕಗಳು. ಕೆಳಗೆ ಪದವಿಗಳಿಗಾಗಿ ಇನ್ನೊಂದು ಗೆರೆ. ಲೇಖನಿಯನ್ನು ಹಿಡಿದು ಕುಳಿತ ನಾವು ಆ ಎರಡು ಚೌಕಗಳ ಬಳಿಯಲ್ಲಿಯೇ ನಿಂತುಬಿಟ್ಟೆವು. ನಮ್ಮ ಹುಟ್ಟೂರು ಒಂದು ಚೌಕದಲ್ಲಿಯೂ ನಮ್ಮ ತಂದೆಯವರು ಇನ್ನೊಂದು ಚೌಕದಲ್ಲಿಯೂ ಅಡಗಿ ಕುಳಿತುಕೊಳ್ಳಬೇಕಲ್ಲವೇ! ಹೀಗೆ ಊರನ್ನೂ ಮನುಷ್ಯರನ್ನೂ ಸಂಸ್ಥೆಗಳನ್ನೂ ಒಂದೊಂದೇ ಅಕ್ಷರಕ್ಕೆ ಇಳಿಸಿ ಬರೆಯುವ ಮತ್ತು ಆಡುವ ನಮ್ಮೆಲ್ಲರ ಅಭ್ಯಾಸವನ್ನು ಕುರಿತೇ ನಾಲ್ಕು ಮಾತು ಬರೆಯೋಣವೆಂದು ಆಗ ತೋರಿತು. ಈ ಅಭ್ಯಾಸದಿಂದ ನಮಗೆ ಒಮ್ಮೆ ಉಂಟಾದ ದುಃಖವನ್ನೂ, ನಮ್ಮಿಂದ ಇನ್ನೊಬ್ಬರಿಗೆ ಉಂಟಾದ ನೋವನ್ನೂ ಮರೆಮಾಡದೆ ಹೇಳುವೆವು.

ಮೊದಲಕ್ಷರಗಳ ಪ್ರಥಮ ಪಾಠವು ನಮಗೆ ದೊರೆತದ್ದು ತರಗತಿಯಲ್ಲಲ್ಲ. ಅಗಸನ ಬಟ್ಟೆಯ ಗಂಟಿನಲ್ಲಿ. 1969ನೆಯ ಇಸವಿಯ ಜೂನ್ ತಿಂಗಳಲ್ಲಿ ನಾವು ಶಾಲೆಯ ವಸತಿಗೃಹವನ್ನು ಸೇರಿದೆವು. ಅಲ್ಲಿ ಪ್ರತಿಯೊಬ್ಬ ಬಾಲಿಕೆಯೂ ತನ್ನ ಲಂಗ, ರವಿಕೆ, ಟವಲು, ದಿಂಬಿನ ಗವಸು ಇವುಗಳ ಮೂಲೆಯಲ್ಲಿ ಕೆಂಪು ನೂಲಿನಿಂದ ತನ್ನ ಹೆಸರಿನ ಗುರುತನ್ನು ಸರಪಳಿ ಹೊಲಿಗೆಯಲ್ಲಿ ಹಾಕಿಕೊಳ್ಳಬೇಕೆಂಬ ನಿಯಮವಿದ್ದಿತು. ಇಂಗ್ಲಿಷ್ ಅಕ್ಷರಗಳೆಂದರೆ ಏನೋ ಹಿರಿಮೆಯೆಂದು ಭಾವಿಸಿದ್ದ ನಾವೆಲ್ಲರೂ ಇಂಗ್ಲಿಷಿನಲ್ಲಿಯೇ ಹೊಲಿದೆವು. ಸರೋಜ, ಶಾಂತ, ಸುಶೀಲ, ಶೀಲ, ಸೋಫಿಯ ಎಂಬಂಥ ಹೆಸರುಗಳು ಆ ಕಾಲದಲ್ಲಿ ಬಹಳ. ಅವರೆಲ್ಲರ ಬಟ್ಟೆಯ ಮೇಲೂ ಒಂದೇ ‘ಎಸ್’! ಶನಿವಾರ ಮಧ್ಯಾಹ್ನ ಗಂಟು ಬಿಚ್ಚಿದೊಡನೆ ಒಂದೇ ಟವಲನ್ನು ಮೂವರು ಎಳೆಯುವರು. ಹರಿದ ಲಂಗವನ್ನು ಯಾರೂ ತಮ್ಮದೆನ್ನುವುದಿಲ್ಲ. ಎರಡು ವಾರ ಈ ಗದ್ದಲವನ್ನು ಸಹಿಸಿದ ಹೊಲಿಗೆಯ ಉಪಾಧ್ಯಾಯಿನಿಯವರು ಮೂರನೆಯ ವಾರ ನಮ್ಮನ್ನು ಸಾಲಾಗಿ ಕೂರಿಸಿ, “ಮಕ್ಕಳೇ, ಇಂಗ್ಲಿಷಿನ ಒಂದು ಎಸ್ಸು ನಿಮ್ಮ ಐವರನ್ನೂ ನುಂಗಿಬಿಟ್ಟಿದೆ. ಬಿಚ್ಚಿ, ಕನ್ನಡದಲ್ಲಿ ಹೊಲಿಯಿರಿ” ಎಂದು ಅಪ್ಪಣೆಮಾಡಿದರು. ಒಬ್ಬಳು ‘ಸ’ ಆದಳು. ಒಬ್ಬಳು ‘ಶಾಂ’, ಒಬ್ಬಳು ‘ಸು’, ಒಬ್ಬಳು ‘ಶೀ’, ಇನ್ನೊಬ್ಬಳು ‘ಸೋ’ ಆದಳು. ಮುಂದಿನ ಶನಿವಾರ ಜಗಳವಿಲ್ಲದೆ ಬಟ್ಟೆಗಳು ತಂತಮ್ಮ ಪೆಟ್ಟಿಗೆಯನ್ನು ಸೇರಿದವು.

ಆ ದಿನ ನಮಗೆ ಅದರ ಕಾರಣವು ತಿಳಿಯಲಿಲ್ಲ. ಅನಂತರ ವ್ಯಾಕರಣವನ್ನು ಕಲಿತಾಗ ತಿಳಿಯಿತು. ಇಂಗ್ಲಿಷಿನ ಅಕ್ಷರವು ಒಂಟಿ ಧ್ವನಿಯ ಗುರುತು. ಕನ್ನಡದ ಅಕ್ಷರವಾದರೋ ವ್ಯಂಜನವನ್ನು ಅದರ ಸ್ವರದೊಡನೆ ಕೂಡಿಸಿ ಹಿಡಿದಿರುವುದು. ಒಂದಕ್ಷರವನ್ನು ತೆಗೆದುಕೊಂಡರೂ ಹೆಸರಿನ ಒಂದು ತುಣುಕು ಬಾಯಲ್ಲಿ ಉಳಿಯುವುದು. ಆದುದರಿಂದಲೇ ಕನ್ನಡದ ಮೊದಲಕ್ಷರಗಳನ್ನು ಸಾಲಾಗಿ ಇಟ್ಟರೆ ಅವು ತಾವಾಗಿಯೇ ಒಂದು ಶಬ್ದವಾಗಿ ನಡೆಯಬಲ್ಲವು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ‘ಕುವೆಂಪು’ ಆದುದು ಹೀಗೆಯೇ. ಇಂದಿನ ಮಕ್ಕಳಲ್ಲಿ ಅನೇಕರು ಅದೊಂದು ಸಂಕ್ಷೇಪವೆಂಬುದನ್ನೂ ಅರಿಯದೆ, ಅದನ್ನು ಹುಟ್ಟುಹೆಸರೆಂದೇ ತಿಳಿದಿರುವರು. ಪುರೋಹಿತ ತಿರುನಾರಾಯಣಯ್ಯಂಗಾರ್ ನರಸಿಂಹಾಚಾರ್ಯರು ‘ಪುತಿನ’ ಆದರು. ಅರಕಲಗೂಡು ನರಸಿಂಗರಾವ್ ಕೃಷ್ಣರಾಯರು ‘ಅನಕೃ’ ಆದರು. ತಳುಕಿನ ರಾಮಸ್ವಾಮಯ್ಯ ಸುಬ್ಬರಾಯರು ‘ತರಾಸು’ ಆದರು. ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರಾದರೋ ಇಂಗ್ಲಿಷ್ ಅಕ್ಷರಗಳನ್ನು ಹಿಡಿದು ‘ಡಿ.ವಿ.ಜಿ.’ ಎನಿಸಿದರು. ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರದು ಇವೆರಡರ ನಡುವಣ ಮಾರ್ಗ: ಊರಿಗೂ ತಂದೆಗೂ ಇಂಗ್ಲಿಷಿನ ‘ಬಿ’, ‘ಎಂ’, ಸ್ವಂತ ಹೆಸರಿಗೆ ಮಾತ್ರ ಕನ್ನಡದ ‘ಶ್ರೀ’.

ಮೊದಲಕ್ಷರಗಳನ್ನು ಬಾಯಲ್ಲಿ ಆಡುವ ರೀತಿಗಳು ಮುಖ್ಯವಾಗಿ ಮೂರು. ಮೊದಲನೆಯದು, ಬರೆಯುವಾಗ ಕಿರಿದಾಗಿಯೂ ಓದುವಾಗ ಪೂರ್ಣವಾಗಿಯೂ ಇರುವುದು. ಚರಿತ್ರೆಯ ಪುಸ್ತಕದಲ್ಲಿ ‘ಕ್ರಿ.ಶ.’ ಎಂದಿದ್ದರೆ ಎಷ್ಟು ಚಿಕ್ಕ ಬಾಲಿಕೆಯೇ ಆಗಲಿ ‘ಕ್ರಿಸ್ತ ಶಕ’ ಎಂದೇ ಓದುವಳು. ‘ವಿ.ಸೂ.’ ಎಂಬುದನ್ನು ವಿಶೇಷ ಸೂಚನೆ ಎಂದೂ, ಕಾಗದದ ಕೊನೆಯ ‘ತಾ.ಕ.’ ಎಂಬುದನ್ನು ತಾಜಾ ಕಲಂ ಎಂದೂ, ಲಗ್ನಪತ್ರಿಕೆಯ ‘ಚಿ. ಸೌ.’ ಎಂಬುದನ್ನು ಚಿರಂಜೀವಿ ಸೌಭಾಗ್ಯವತಿ ಎಂದೂ ಓದುವೆವು. ನಮ್ಮ ಅಜ್ಜನವರಿಗೆ ಬರುತ್ತಿದ್ದ ಕಾಗದಗಳ ಮೇಲೆ ‘ಮ.ರಾ.ರಾ.’ ಎಂದಿರುತ್ತಿದ್ದಿತು. ಅದನ್ನು ಅಂಚೆಯವನು ಕೂಡ ‘ಮಹಾರಾಜರಾಜಶ್ರೀ’ ಎಂದು ಗಂಭೀರವಾಗಿ ಓದಿಯೇ ಕಾಗದವನ್ನು ಕೈಗೆ ಕೊಡುತ್ತಿದ್ದನು. ಇಲ್ಲಿ ಉಳಿತಾಯವಾಗುವುದು ಮಸಿ, ಕಾಗದ; ಕೇಳುವವನಿಗೆ ಬರತಕ್ಕದ್ದರಲ್ಲಿ ಒಂದು ಕಾಳೂ ಕಡಮೆಯಾಗುವುದಿಲ್ಲ.

ಎರಡನೆಯದು, ಒಂದೊಂದಕ್ಷರದ ಹೆಸರನ್ನೂ ಬಿಡಿಬಿಡಿಯಾಗಿ ಹೇಳುವುದು. ಎಸ್.ಎಸ್.ಎಲ್.ಸಿ., ಬಿ.ಎ., ಡಿ.ಸಿ. ಇವೆಲ್ಲ ಆ ಜಾತಿಯವು. ಆದರೆ ಕನ್ನಡದ ನಾಲಗೆಯು ಬಿಡಿಯಾದುದನ್ನು ಬಿಡಿಯಾಗಿ ಇರಗೊಡುವುದಿಲ್ಲ. ‘ಕಣ್’ ಎಂಬುದಕ್ಕೆ ‘ಇಂದ’ ಸೇರಿದರೆ ‘ಕಣ್ಣಿಂದ’ ಎಂದು ಹೇಗೆ ವ್ಯಂಜನವು ಇಮ್ಮಡಿಯಾಗುವುದೋ ಹಾಗೆಯೇ ಎಸ್, ಎಸ್, ಎಲ್, ಸಿ ಎಂಬ ನಾಲ್ಕು ಪರದೇಶಿ ಅಕ್ಷರಗಳೂ ಕೂಡಿ ‘ಎಸ್ಸೆಸ್ಸೆಲ್ಸಿ’ ಆದವು. ಬಿ ಮತ್ತು ಎ ಎಂಬವುಗಳ ನಡುವೆ ಯಕಾರವು ಬಂದು ‘ಬೀಯೇ’ ಆಯಿತು. ಕೇಶಿರಾಜನು ಕನಸಿನಲ್ಲಿಯೂ ಎಣಿಸದಿದ್ದ ಶಬ್ದಗಳಿಗೆ ಕನ್ನಡದ ಸಂಧಿಯನ್ನು ಹಚ್ಚಿದವರು ಪಂಡಿತರಲ್ಲ, ಸಂತೆಗೆ ಹೋಗುವ ಜನರು. ಇದೇ ನಿಯಮದಂತೆ ಎಂ.ಎ. ಎಂಬುದು ‘ಎಮ್ಮೆ’ ಆಗಿಬಿಡುವ ಅಪಾಯವಿರುವುದರಿಂದ, ಆ ಪದವಿಯನ್ನು ಪಡೆದವರು ಮಾತ್ರ ಎರಡಕ್ಷರಗಳ ನಡುವೆ ಸ್ವಲ್ಪ ಎಡೆಯನ್ನು ಬಿಟ್ಟು ಉಚ್ಚರಿಸುವುದುಂಟು. ನಾವೂ ಹಾಗೆಯೇ ಮಾಡುವೆವೆಂದು ಒಪ್ಪಿಕೊಳ್ಳತಕ್ಕದ್ದೇ ಸರಿ.

ಮೂರನೆಯದು, ಮೊದಲಕ್ಷರಗಳನ್ನೆಲ್ಲ ಕೂಡಿಸಿ ಒಂದೇ ಶಬ್ದದಂತೆ ಹೇಳುವುದು. ಇದಕ್ಕೆ ಇಂಗ್ಲಿಷಿನಲ್ಲಿ ‘ಅಕ್ರೊನಿಮ್’ ಎಂಬ ಹೆಸರು 1940ರ ದಶಕದಲ್ಲಿ ಬಳಕೆಗೆ ಬಂದಿತು. ತುದಿ ಮತ್ತು ಹೆಸರು ಎಂಬ ಅರ್ಥದ ಎರಡು ಗ್ರೀಕ್ ಮಾತುಗಳಿಂದ ಅದು ಹುಟ್ಟಿದೆ. ರಾಡಾರ್, ಲೇಸರ್, ಯುನೆಸ್ಕೊ, ಇಸ್ರೊ ಇವೆಲ್ಲ ಈ ಗುಂಪಿಗೆ ಸೇರಿದವು. ಹೆಸರು ಹೊಸದಾದರೂ ಈ ಬಗೆಯ ಯುಕ್ತಿಯು ನಮ್ಮ ದೇಶಕ್ಕೆ ಹೊಸದಲ್ಲ. ಪಾಣಿನಿಯು ಸ್ವರಗಳೆಲ್ಲವನ್ನೂ ‘ಅಚ್’ ಎಂತಲೂ ವ್ಯಂಜನಗಳೆಲ್ಲವನ್ನೂ ‘ಹಲ್’ ಎಂತಲೂ ಕರೆದುದು, ಮೊದಲಿನ ಅಕ್ಷರವನ್ನೂ ಕೊನೆಯ ಗುರುತನ್ನೂ ಕೂಡಿಸಿಯೇ. ಷಡ್ಜ, ರಿಷಭ, ಗಾಂಧಾರ, ಮಧ್ಯಮ, ಪಂಚಮ, ಧೈವತ, ನಿಷಾದಗಳು ‘ಸರಿಗಮಪಧನಿ’ ಆಗಿ ನಮ್ಮ ಸಂಗೀತದ ಕೊಠಡಿಯಲ್ಲಿ ದಿನವೂ ಮೊಳಗುತ್ತಿದ್ದವು. ಛಂದಸ್ಸಿನ ಪಾಠದಲ್ಲಿ ಯಗಣ, ಮಗಣಗಳ ಲಕ್ಷಣವನ್ನು ‘ಯಮಾತಾರಾಜಭಾನಸಲಗಂ’ ಎಂಬ ಒಂದೇ ಉಸಿರಿನಲ್ಲಿ ಕಟ್ಟಿಹಾಕಿದ್ದರು. ಗಣಿತದಲ್ಲಿಯೂ ಲಘುತಮ ಸಾಮಾನ್ಯ ಅಪವರ್ತ್ಯವು ‘ಲಸಾಅ’ ಆಗಿಯೂ, ಮಹತ್ತಮ ಸಾಮಾನ್ಯ ಅಪವರ್ತನವು ‘ಮಸಾಅ’ ಆಗಿಯೂ ಇದ್ದವು. ಅವು ಅಕ್ಕತಂಗಿಯರ ಹೆಸರುಗಳಂತೆ ನಮಗೆ ಕೇಳಿಸುತ್ತಿದ್ದವು. ಅವುಗಳ ಪೂರ್ಣರೂಪವನ್ನು ಕೇಳಿದರೆ ನಮ್ಮಲ್ಲಿ ಅರ್ಧ ಮಂದಿ ತಲೆ ತಗ್ಗಿಸುತ್ತಿದ್ದೆವು.

ಪೂರ್ಣರೂಪವನ್ನು ಅರಿಯದೆ ಆಡುವ ಮಾತಿನಿಂದ ವಿನೋದವೂ ಹುಟ್ಟುವುದು. ನಾವು ಪ್ರಾಥಮಿಕ ಶಾಲೆಯಲ್ಲಿದ್ದಾಗ ಅಮೆರಿಕದ ಕೇರ್ ಸಂಸ್ಥೆಯಿಂದ ಬಂದ ಗೋದಿಯ ನುಚ್ಚಿನಿಂದ ಮಧ್ಯಾಹ್ನದ ಉಪ್ಪಿಟ್ಟನ್ನು ಮಾಡಿ ಬಡಿಸುತ್ತಿದ್ದರು. ‘ಕೇರ್ ಉಪ್ಪಿಟ್ಟು’ ಎಂಬ ಮಾತನ್ನು ಕೇಳಿದ ನಮ್ಮ ಅಜ್ಜಿಯವರು, “ಮೊರದಲ್ಲಿ ಚೆನ್ನಾಗಿ ಕೇರಿ ಕಳುಹಿಸಿರಬೇಕು, ಅದಕ್ಕೇ ಒಂದು ಕಲ್ಲೂ ಇಲ್ಲ” ಎಂದು ಮೆಚ್ಚಿಕೊಂಡಿದ್ದರು. 1945ರಲ್ಲಿ ಆ ಸಂಸ್ಥೆಯು ಹುಟ್ಟಿದಾಗ ಅದರ ನಾಲ್ಕಕ್ಷರಗಳಲ್ಲಿ ಕೊನೆಯದು ಯೂರೋಪ್ ಖಂಡವನ್ನು ಸೂಚಿಸುತ್ತಿದ್ದಿತು. ಸಹಾಯವು ಇತರ ದೇಶಗಳಿಗೂ ಹರಡಿದ ಮೇಲೆ ಅದೇ ಅಕ್ಷರಕ್ಕೆ ‘ಎಲ್ಲೆಲ್ಲಿಯೂ’ ಎಂಬ ಅರ್ಥದ ಇಂಗ್ಲಿಷ್ ಶಬ್ದವನ್ನು ಹೊಂದಿಸಿದರು. 1946ರಲ್ಲಿ ಸ್ಥಾಪಿತವಾದ ಯುನಿಸೆಫ್ ಸಂಸ್ಥೆಯ ಹೆಸರಿನಿಂದ 1953ರಲ್ಲಿ ‘ಅಂತರರಾಷ್ಟ್ರೀಯ’, ‘ತುರ್ತು’ ಎಂಬ ಎರಡು ಮಾತುಗಳನ್ನು ತೆಗೆದುಹಾಕಿದರೂ ಅವುಗಳ ಅಕ್ಷರಗಳು ಇನ್ನೂ ನಡುವೆ ಕುಳಿತೇ ಇವೆ. ಹಳೆಯ ಮಿಶನುಗಳ ಅಕ್ಷರಗಳೂ ಹಾಗೆಯೇ. 1795ರಲ್ಲಿ ಹುಟ್ಟಿದ ಲಂಡನ್ ಮಿಶನರಿ ಸೊಸೈಟಿಯು ನಮ್ಮ ಹಿರಿಯರ ಬಾಯಲ್ಲಿ ‘ಎಲ್.ಎಂ.ಎಸ್.’ ಆಗಿದ್ದಿತು. 1947ರಲ್ಲಿ ದಕ್ಷಿಣ ಇಂಡಿಯಾ ಸಭೆಯಾಗಿ ಹಲವು ಸಭೆಗಳು ಒಂದುಗೂಡಿದ ಮೇಲೆ ‘ಸಿ.ಎಸ್.ಐ.’ ಎಂಬುದು ರೂಢಿಗೆ ಬಂದಿತು. ಆದರೂ ಹಳಬರ ನಾಲಗೆಯು ಹಳೆಯ ಮೂರಕ್ಷರಗಳನ್ನು ಬಿಡಲಿಲ್ಲ. ಅದೇ ಎಲ್.ಎಂ.ಎಸ್. ಎಂಬುದು ಹಿಂದಿನ ಕಾಲದ ಒಂದು ವೈದ್ಯಕೀಯ ಪದವಿಯೂ ಆಗಿದ್ದುದರಿಂದ, ಆ ಫಲಕವನ್ನು ಹಾಕಿಕೊಂಡ ಡಾಕ್ಟರರೆಲ್ಲರೂ ಲಂಡನ್ನಿನ ಮಿಶನಿನವರೇ ಎಂದು ನಮ್ಮ ಅಜ್ಜಿಯವರು ಬಹುಕಾಲ ನಂಬಿದ್ದರು.

ಈ ವಿಷಯದಲ್ಲಿ ನಮಗೆ ಒಂದು ನಿಯಮವನ್ನು ಕಲಿಸಿದವರು ನಮ್ಮ ಕನ್ನಡದ ಉಪಾಧ್ಯಾಯಿನಿಯವರು. ಪ್ರಾರ್ಥನಾ ಮಂದಿರದ ಪಕ್ಕದ ಕೊಠಡಿಯಲ್ಲಿ ಶಿಲುಬೆಯ ಒಂದು ಹಳೆಯ ಚಿತ್ರವು ತೂಗುಹಾಕಲ್ಪಟ್ಟಿದ್ದಿತು. ಶಿಲುಬೆಯ ಮೇಲ್ಗಡೆಯ ಹಲಗೆಯಲ್ಲಿ ಐ, ಎನ್, ಆರ್, ಐ ಎಂಬ ನಾಲ್ಕಕ್ಷರಗಳು. ನಾವು ಅದನ್ನು ‘ಇನ್ರಿ’ ಎಂದು ಓದಿಕೊಂಡು, ಚಿತ್ರ ಬರೆದವರ ಹೆಸರಿರಬೇಕೆಂದು ನಿಶ್ಚಯಿಸಿದ್ದೆವು. ಒಂದು ಸಾಯಂಕಾಲ ಧೈರ್ಯಮಾಡಿ ಕೇಳಲಾಗಿ, ಅವರು ನಗದೆ, ಅದು ನಜರೇತಿನ ಯೇಸು, ಯೆಹೂದ್ಯರ ಅರಸು ಎಂಬ ಅರ್ಥದ ಲ್ಯಾಟಿನ್ ಮಾತುಗಳ ಮೊದಲಕ್ಷರಗಳೆಂದೂ, ಆ ಭಾಷೆಯಲ್ಲಿ ಯಕಾರದ ಧ್ವನಿಯನ್ನೂ ಐ ಅಕ್ಷರದಿಂದಲೇ ಬರೆಯುತ್ತಿದ್ದರೆಂದೂ ತಿಳಿಸಿದರು. ಬಳಿಕ ಅವರು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ಯೋಹಾನನ ಸುವಾರ್ತೆಯನ್ನು ತೆರೆದು ನೋಡಿರಿ. ಆ ಬರಹವು ಹೀಬ್ರೂ, ಲ್ಯಾಟಿನ್, ಗ್ರೀಕ್ ಎಂಬ ಮೂರು ಭಾಷೆಗಳಲ್ಲಿ ಇದ್ದಿತು. ಅದನ್ನು ಅನೇಕರು ಓದಿದರು. ಅನೇಕರು ಓದಿದ ಬರಹವು ಈಗ ನಾಲ್ಕೇ ಅಕ್ಷರವಾಗಿ, ನಿಮ್ಮಲ್ಲಿ ಒಬ್ಬಳಿಗೂ ಓದಲು ಬಾರದಂತಾಯಿತಲ್ಲ! ಆದುದರಿಂದ ಮೊದಲು ಪೂರ್ಣವಾಗಿ ಹೇಳಿರಿ. ಕೇಳಿದವರು ತಲೆದೂಗಿದ ಮೇಲೆ ಕಿರಿದು ಮಾಡಿರಿ.” ಪರೀಕ್ಷೆಗೆ ಬಾರದ ಮಾತಾದ್ದರಿಂದ ನಾವು ಅದನ್ನು ನೋಟುಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ.

ಆ ಮಾತಿನ ಬೆಲೆಯನ್ನು ಅರಿತುಕೊಳ್ಳಬೇಕಾದರೆ ನಮಗೆ 1986ನೆಯ ಇಸವಿಯು ಬರಬೇಕಾಯಿತು. ಆಗ ನಮ್ಮ ಹೆಸರಿನ ಮುಂದೆ ಎಂ.ಎ., ಬಿ.ಎಡ್. ಎಂಬ ಅಕ್ಷರಗಳು ಸೇರಿಕೊಂಡಿದ್ದವು. ಆ ವರ್ಷದ ಮಳೆಗಾಲದಲ್ಲಿ ನಮ್ಮ ಅಜ್ಜಿಯವರು ಬಚ್ಚಲುಮನೆಯಲ್ಲಿ ಜಾರಿಬಿದ್ದು ತೊಡೆಯ ಎಲುಬನ್ನು ಮುರಿದುಕೊಂಡರು. ಅವರನ್ನು ಪಟ್ಟಣದ ಒಂದು ಆಸ್ಪತ್ರೆಗೆ ಸೇರಿಸಿದೆವು. ಗುರುವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆಯೆಂದು ಗೊತ್ತಾಯಿತು. ಬುಧವಾರ ರಾತ್ರಿ ದಾದಿಯೊಬ್ಬರು ಬಂದು, ಮಂಚದ ತಲೆಯ ಕಡೆಗೆ ಒಂದು ಸಣ್ಣ ಹಲಗೆಯನ್ನು ತೂಗುಹಾಕಿ ಹೋದರು. ಅದರ ಮೇಲೆ ಎನ್, ಬಿ, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳಲ್ಲದೆ ಬೇರೇನೂ ಇರಲಿಲ್ಲ. ನಮ್ಮ ನಾಡಿನಲ್ಲಿ ದೊಡ್ಡವರನ್ನು ಮೊದಲಕ್ಷರಗಳಿಂದ ಕರೆಯುವುದು ವಾಡಿಕೆಯಷ್ಟೆ. ಡಿ.ವಿ.ಜಿ. ಇದ್ದ ಹಾಗೆ ಎನ್.ಬಿ.ಎಂ. ಎಂಬವರೊ��್ಬರು ಶಸ್ತ್ರವೈದ್ಯರಿರಬೇಕು, ಅಜ್ಜಿಯವರು ಅವರ ಪಾಲಿನ ರೋಗಿಯೆಂದು ಗುರುತುಹಾಕಿರಬೇಕು ಎಂದು ನಾವು ಭಾವಿಸಿ ನಿಶ್ಚಿಂತೆಯಿಂದ ಇದ್ದೆವು.

ಬೆಳಗಿನ ಜಾವ ಐದು ಗಂಟೆಗೆ ಅಜ್ಜಿಯವರು ಬಾಯಾರಿಕೆಯೆಂದರು. ನಾವು ಮನೆಯಿಂದ ತಂದಿದ್ದ ರಾಗಿಯ ಗಂಜಿಯನ್ನು ಹಾಲು ಬೆರೆಸಿ, ತಲೆಯನ್ನು ಎತ್ತಿ ಹಿಡಿದು, ಒಂದು ಲೋಟ ಪೂರ್ತಿಯಾಗಿ ಕುಡಿಸಿದೆವು. ಎಂಟು ಗಂಟೆಗೆ ಗಾಲಿಯ ಮಂಚವು ಬಂದಿತು. “ಬೆಳಿಗ್ಗೆ ಏನಾದರೂ ತೆಗೆದುಕೊಂಡಿರಾ, ಅಜ್ಜೀ?” ಎಂದು ದಾದಿಯು ಕೇಳಲು, ಅಜ್ಜಿಯವರು ಸಂತೋಷದಿಂದಲೇ, “ಹೂಂ ತಾಯಿ, ಮೊಮ್ಮಗಳು ಗಂಜಿ ಕೊಟ್ಟಳು” ಎಂದರು. ದಾದಿಯ ಮುಖವು ಕಪ್ಪಿಟ್ಟಿತು. “ತಲೆಯ ಮೇಲೆ ಹಲಗೆ ತೂಗುಹಾಕಿಲ್ಲವೇ? ಓದಿದವರಲ್ಲವೇ ನೀವು?” ಎಂದು ನಮ್ಮನ್ನು ಕೇಳಿದರು. ‘ನಿಲ್ ಬೈ ಮೌತ್’, ಬಾಯಿಂದ ಏನನ್ನೂ ಕೊಡಕೂಡದು ಎಂಬುದೇ ಆ ಮೂರಕ್ಷರಗಳ ಅರ್ಥವೆಂದು ಆಗ ನಮಗೆ ತಿಳಿಯಿತು. ಹೊಟ್ಟೆಯಲ್ಲಿ ಆಹಾರವಿರುವಾಗ ಮೈಮರೆಸುವ ಔಷಧವನ್ನು ಕೊಟ್ಟರೆ, ಆಹಾರವು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಇಳಿದು ಪ್ರಾಣಕ್ಕೇ ಅಪಾಯವಾಗಬಹುದು. ಗಾಲಿಯ ಮಂಚವು ಬರಿದಾಗಿ ಹಿಂದಿರುಗಿತು. ಮುಂದಿನ ಸರದಿ ದೊರೆತದ್ದು ಮಂಗಳವಾರ. ಐದು ದಿನಗಳ ಕಾಲ ಎಪ್ಪತ್ತಾರು ವಯಸ್ಸಿನ ಆ ವೃದ್ಧೆಯು, ಕಾಲಿಗೆ ಭಾರವನ್ನು ತೂಗುಬಿಟ್ಟುಕೊಂಡು, ಹೊರಳಲಾರದೆ ನರಳುತ್ತ ಮಲಗಿದ್ದರು. ಪಕ್ಕದಲ್ಲಿ ಕುಳಿತು ನಾವು ಆ ಹಲಗೆಯನ್ನು ನೋಡುತ್ತಿದ್ದೆವು.

ನಮ್ಮ ಅಜ್ಜಿಯವರು ಇದೇ ಪಾಠಶಾಲೆಯಲ್ಲಿ ಬಾಲ್ಯದಲ್ಲಿ ನಾಲ್ಕು ತರಗತಿಗಳನ್ನು ಓದಿದವರು. ಕನ್ನಡವನ್ನು ಸ್ಫುಟವಾಗಿ ಓದಬಲ್ಲವರು, ಇಂಗ್ಲಿಷ್ ಬಾರದು. ಭಾನುವಾರದ ಸಾಯಂಕಾಲ ನಾವು ಅಳುತ್ತ ಆ ಅಕ್ಷರಗಳ ಅರ್ಥವನ್ನು ಅವರಿಗೆ ತಿಳಿಸಿ ಕ್ಷಮೆ ಬೇಡಿದಾಗ, ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಉಪವಾಸ ಅಂತ ತಾನೇ, ಮಗು? ಹಾಗೆಂದು ಬರೆದಿದ್ದರೆ ನಾನೇ ಓದಿಕೊಳ್ಳುತ್ತಿದ್ದೆನಲ್ಲ!” ಎಂದರು. ನಾವು ಬೆರಳಿನಲ್ಲಿ ಎಣಿಸಿ ನೋಡಿದೆವು. ಎನ್.ಬಿ.ಎಂ. ಎಂಬುದು ಮೂರಕ್ಷರ; ಉಪವಾಸ ಎಂಬುದು ನಾಲ್ಕಕ್ಷರ. ಒಂದಕ್ಷರದ ಉಳಿತಾಯಕ್ಕಾಗಿ ಐದು ದಿನಗಳ ನೋವು! ಶಸ್ತ್ರಚಿಕಿತ್ಸೆಯು ದೇವರ ದಯೆಯಿಂದ ಸಾಂಗವಾಗಿ ನೆರವೇರಿ, ಅಜ್ಜಿಯವರು ಕೋಲೂರಿಕೊಂಡು ಇನ್ನೂ ಆರು ವರ್ಷ ನಡೆದಾಡಿದರು. ಆ ದಾದಿಯ ಮೇಲೆ ನಮಗೆ ಕೋಪವಿಲ್ಲ. ಒಂದು ರಾತ್ರಿಗೆ ಮೂವತ್ತು ನಲವತ್ತು ಮಂದಿಯನ್ನು ನೋಡಿಕೊಳ್ಳುವ ಅವರಿಗೆ ಆ ಅಕ್ಷರಗಳು ಹಗಲಿನಷ್ಟು ಸ್ಪಷ್ಟವಾಗಿದ್ದವು. ಸಂಕ್ಷೇಪದ ದೋಷವು ಇದೇ: ಅದು ಆಡುವವನಿಗೆ ಎಷ್ಟು ಸಲೀಸಾಗುವುದೆಂದರೆ, ಕೇಳುವವನಿಗೆ ಅದು ತಿಳಿದಿರಲಾರದೆಂಬ ಅನುಮಾನವೇ ಅವನ ಮನಸ್ಸಿನಲ್ಲಿ ಹುಟ್ಟುವುದಿಲ್ಲ.

ಇಷ್ಟು ಪೆಟ್ಟು ತಿಂದ ಮೇಲಾದರೂ ನಾವು ಎಚ್ಚೆತ್ತೆವೋ ಎಂದರೆ, ಇಲ್ಲ. 1991ರಲ್ಲಿ ನಾವು ಬೇರೊಂದು ಊರಿನ ಶಾಲೆಯಲ್ಲಿ ಎಂಟನೆಯ ತರಗತಿಯ ಉಪಾಧ್ಯಾಯಿನಿಯಾಗಿದ್ದೆವು. ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ಪ್ರಗತಿಪತ್ರದಲ್ಲಿ ತುಂಬಿ, ಪೋಷಕರ ರುಜುವಿಗಾಗಿ ಮನೆಗಳಿಗೆ ಕಳುಹಿಸಿದ್ದೆವು. ಎರಡು ವಾರ ಕಳೆದು ಒಂದು ಶನಿವಾರ, ಬೀಡಿ ಕಟ್ಟಿ ಜೀವಿಸುವ ಒಬ್ಬ ತಾಯಿಯು ಮಗಳನ್ನು ಕರೆದುಕೊಂಡು, ಸೆರಗಿನಲ್ಲಿ ಒಂದು ಚಿಪ್ಪು ಬಾಳೆಹಣ್ಣನ್ನು ಕಟ್ಟಿಕೊಂಡು ನಮ್ಮ ಕೊಠಡಿಗೆ ಬಂದರು. “ಟೀಚರಮ್ಮ, ಲೆಕ್ಕದಲ್ಲಿ ನನ್ನ ಮಗಳಿಗೆ ಎ ನೂ ಬಂದಿದೆ, ಬಿ ನೂ ಬಂದಿದೆ ಅಂತ ಪಕ್ಕದ ಮನೆಯ ಹುಡುಗ ಓದಿ ಹೇಳಿದ. ನಿಮ್ಮ ಹೊಟ್ಟೆ ತಣ್ಣಗಿರಲಿ” ಎಂದು ಹಣ್ಣನ್ನು ಮೇಜಿನ ಮೇಲಿಟ್ಟರು. ನಾವು ಪ್ರಗತಿಪತ್ರವನ್ನು ತೆಗೆದು ನೋಡಿದೆವು. ನಮ್ಮ ಸ್ವಹಸ್ತದಿಂದ, ಕೆಂಪು ಮಸಿಯಿಂದ, ‘ಎ.ಬಿ.’ ಎಂದು ಬರೆದಿದ್ದಿತು. ಪರೀಕ್ಷೆಗೆ ಬಾರದವರ ಹೆಸರಿನ ಮುಂದೆ ನಾವು ಉಪಾಧ್ಯಾಯರೆಲ್ಲರೂ ಹಾಕುವ ಗುರುತು ಅದು. ಹುಡುಗಿಯು ಬಾಗಿಲಿನ ಮರೆಯಲ್ಲಿ ನೆಲವನ್ನು ನೋಡುತ್ತ ನಿಂತಿದ್ದಳು. ಲೆಕ್ಕದ ಭಯದಿಂದ ಆ ದಿನ ಶಾಲೆಗೆ ಬಾರದೆ, ಕೆರೆಯ ಏರಿಯ ಮೇಲೆ ಗಂಟೆ ಹೊಡೆಯುವವರೆಗೆ ಕುಳಿತು ಮನೆಗೆ ಹೋಗಿದ್ದಳೆಂದು ಅನಂತರ ತಿಳಿಯಿತು. ಬಾರದವರಿಗೆ ಮತ್ತೊಮ್ಮೆ ಪರೀಕ್ಷೆ ಕೊಡುವ ಅವಕಾಶವಿದ್ದಿತು. ಆ ಅವಧಿಯು ಹಿಂದಿನ ವಾರವೇ ಮುಗಿದುಹೋಗಿದ್ದಿತು. ನಾವು ‘ಗೈರುಹಾಜರು’ ಎಂದು ಬರೆದಿದ್ದರೆ ಆ ತಾಯಿಯು ಅದೇ ದಿನ ಓಡಿಬರುತ್ತಿದ್ದರು.

ಸತ್ಯವನ್ನು ಹೇಳದೆ ಗತ್ಯಂತರವಿರಲಿಲ್ಲ. ಹೇಳಿದೆವು. ಆ ತಾಯಿಯು ಮಗಳನ್ನು ಹೊಡೆಯಲಿಲ್ಲ, ನಮ್ಮನ್ನು ದೂರಲಿಲ್ಲ, “ನಮಗೆ ಓದು ಬಾರದಲ್ಲ, ಟೀಚರಮ್ಮ” ಎಂದಷ್ಟೇ ಹೇಳಿ ಹೊರಟರು. ಬಾಳೆಹಣ್ಣನ್ನು ಹಿಂದಕ್ಕೆ ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಅದು ಮೇಜಿನ ಮೇಲೆಯೇ ಉಳಿಯಿತು. ಆ ವರ್ಷದ ಉಳಿದ ತಿಂಗಳುಗಳಲ್ಲಿ ಶಾಲೆ ಬಿಟ್ಟ ಮೇಲೆ ಆ ಹುಡುಗಿಗೆ ಲೆಕ್ಕವನ್ನು ಹೇಳಿಕೊಟ್ಟೆವು. ವಾರ್ಷಿಕ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಅದರಿಂದ ನಮ್ಮ ತಪ್ಪು ತೊಳೆದುಹೋಯಿತೆಂದು ಹೇಳಲಾರೆವು. ಅಂದಿನಿಂದ ನಿವೃತ್ತರಾಗುವವರೆಗೆ ಯಾವ ಪ್ರಗತಿಪತ್ರದಲ್ಲಿಯೂ ಆ ಎರಡಕ್ಷರಗಳನ್ನು ಬರೆಯಲಿಲ್ಲ.

ಹಾಗೆಂದು ನಾವು ಸಂಕ್ಷೇಪಗಳ ಶತ್ರುಗಳೆಂದು ವಾಚಕರು ತಿಳಿಯಬಾರದು. ಒಂದೊಂದು ಶಬ್ದಕ್ಕೂ ಹಣ ತೆರಬೇಕಾಗಿದ್ದ ತಂತಿಯ ಕಾಲದಲ್ಲಿ ಕಿರಿದು ಮಾಡಿದವನೇ ಜಾಣ. ನಮ್ಮ ದೇಶದಲ್ಲಿ ಆ ತಂತಿಯ ಸೇವೆಯೂ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಡಿ.ಎನ್.ಎ. ಎಂಬುದರ ಪೂರ್ಣನಾಮವನ್ನು ಪ್ರತಿಸಲವೂ ಹೇಳಹೊರಟರೆ ವಿಜ್ಞಾನದ ಪಾಠವು ಸಂಜೆಯವರೆಗೂ ಮುಗಿಯದು. ಆದರೆ ಎಲ್ಲ ಸಂಕ್ಷೇಪಗಳೂ ಸಂಕ್ಷೇಪಗಳಲ್ಲ. ಇಂಗ್ಲಿಷಿನಲ್ಲಿ ‘ವರ್ಲ್ಡ್ ವೈಡ್ ವೆಬ್’ ಎಂಬುದನ್ನು ಮೂರು ಉಚ್ಚಾರಗಳಲ್ಲಿ ಹೇಳಿ ಮುಗಿಸಬಹುದು. ಅದರ ಮೂರು ಮೊದಲಕ್ಷರಗಳನ್ನು ಹೇಳಬೇಕಾದರೆ ‘ಡಬಲ್ ಯೂ’ ಎಂದು ಮೂರು ಸಾರಿ ಹೇಳಿ ಒಂಬತ್ತು ಉಚ್ಚಾರಗಳನ್ನು ಮಾಡಬೇಕು! ಇಲ್ಲಿ ಉಳಿದದ್ದು ಮಸಿ ಮಾತ್ರ, ಉಸಿರಿಗೆ ನಷ್ಟವೇ.

ಇನ್ನು ಇಂದಿನ ದಿನಗಳಲ್ಲಿ ಮೊದಲಕ್ಷರಗಳು ಕೈಯಲ್ಲಿಯ ಟೆಲಿಫೋನಿನೊಡನೆ ಅಡುಗೆಮನೆಗೂ ಬಂದಿವೆ. ಓ.ಟಿ.ಪಿ. ಎಂಬ ಮೂರಕ್ಷರಗಳನ್ನು ಕೇಳದ ಮನೆಯಿಲ್ಲ. ಅದು ಒಂದು ಸಾರಿ ಮಾತ್ರ ಉಪಯೋಗಿಸತಕ್ಕ ಗುಪ್ತಪದವೆಂಬುದನ್ನು ಅರಿಯದ ವೃದ್ಧರು, ಯಾರೋ ಅಪರಿಚಿತನು ಬ್ಯಾಂಕಿನವನೆಂದು ಹೇಳಿಕೊಂಡು ಕೇಳಿದರೆ, ಅಂಕೆಗಳನ್ನು ಒಂದೊಂದಾಗಿ ಓದಿ ಹೇಳಿ, ಇಟ್ಟ ಹಣವನ್ನು ಕಳೆದುಕೊಳ್ಳುವರು. ಅದಕ್ಕೆ ‘ಪೆಟ್ಟಿಗೆಯ ಬೀಗದ ಕೈ’ ಎಂದು ಯಾರಾದರೂ ಒಮ್ಮೆ ಅರ್ಥಹೇಳಿಕೊಟ್ಟಿದ್ದರೆ, ಯಾವ ಅಜ್ಜಿಯೂ ಅದನ್ನು ಬೀದಿಯವನ ಕೈಗೆ ಕೊಡುತ್ತಿರಲಿಲ್ಲ.

ಈ ಸಂಚಿಕೆಯನ್ನು ಓದುವ ಸಹೋದರಿಯರಲ್ಲಿ ದಾದಿಯರಿದ್ದೀರಿ, ಉಪಾಧ್ಯಾಯಿನಿಯರಿದ್ದೀರಿ. ಬ್ಯಾಂಕು, ಕಚೇರಿಗಳಲ್ಲಿ ಮೇಜಿನ ಆಚೆ ಕುಳಿತಿರುವವರಿದ್ದೀರಿ. ಮೇಜಿನ ಈಚೆ ನಿಂತಿರುವ ತಂದೆತಾಯಿಗಳೂ ಇದನ್ನು ಓದುವರು. ಆಚೆಯವರಲ್ಲಿ ನಮ್ಮ ವಿಜ್ಞಾಪನೆ ಒಂದೇ: ನಿಮ್ಮ ಎದುರಿಗಿರುವವರಿಗೆ ಒಂದು ಸಾರಿ, ಒಂದೇ ಸಾರಿ, ಪೂರ್ಣವಾಗಿ, ಅವರ ಮಾತಿನಲ್ಲಿ ಹೇಳಿರಿ. ಈಚೆಯವರಲ್ಲಿಯೂ ಒಂದು ಅರಿಕೆ: ತಿಳಿಯದಿದ್ದರೆ ‘ಹಾಗೆಂದರೇನು?’ ಎಂದು ಕೇಳಲು ನಾಚಬೇಡಿರಿ. ಎಂ.ಎ. ಓದಿದ ನಾವು ಕೇಳದೆ ಕೆಟ್ಟೆವು.

ಪತ್ರವು ಇನ್ನೂ ನಮ್ಮ ಮುಂದಿದೆ. ಪದವಿಗಳ ಗೆರೆಯನ್ನು ತುಂಬಿದ್ದೇವೆ. ಎರಡು ಚೌಕಗಳನ್ನು ಮಾತ್ರ ಬರಿದಾಗಿ ಬಿಟ್ಟು, ಅಂಚಿನಲ್ಲಿ ನಮ್ಮ ಊರಿನ ಹೆಸರನ್ನೂ ತಂದೆಯವರ ಹೆಸರನ್ನೂ ಪೂರ್ಣವಾಗಿ ಬರೆದು, ಅವುಗಳ ಕೆಳಗೆ ಚೌಕವಿಲ್ಲದಿದ್ದರೂ ತಾಯಿಯವರ ಹೆಸರನ್ನೂ, ಇದೇ ಶಾಲೆಯ ಮಣೆಯ ಮೇಲೆ ಕುಳಿತು ‘ಉಪವಾಸ’ ಎಂಬುದನ್ನು ಓದಲು ಕಲಿತ ಅಜ್ಜಿಯವರ ಹೆಸರನ್ನೂ ಬರೆದಿದ್ದೇವೆ. ಸ್ಥಳವು ಸಾಲದೆ ಅಕ್ಷರಗಳು ಸ್ವಲ್ಪ ಒತ್ತಾಗಿವೆ. ಸಂಪಾದಕ ಮಂಡಲಿಯವರು ದಯವಿಟ್ಟು ಕ್ಷಮಿಸಬೇಕು. ಅಚ್ಚುಮಾಡುವಾಗ ಕಿರಿದು ಮಾಡಬಾರದು.